ಎರಡಿಪ್ಪತ್ತು

"ಡಬ್ಬಿ ಬಿಚ್ಚೋಕೆ ಮುಂಚೆ ಫ್ಯೂಜ್ ಒಂದ್ಸಲ ನೋಡ್ಕಳವ್ವ," ಎಂದಳು ಶೆಡ್ಡಿನ ಕೆಲಸದವಳು ಕದರಮ್ಮ. ಕೈಯಲ್ಲಿದ್ದ ಪೊರಕೆಯನ್ನು ಕೆಳಗಿಟ್ಟಿರಲಿಲ್ಲ.

ಫ್ಯೂಜು ಕಿತ್ತು ಹದಿನೆಂಟು ದಿನವಾಗಿತ್ತು. ಅದು ಇಬ್ಬರಿಗೂ ಗೊತ್ತಿತ್ತು. ಆದರೂ ಮಾಲಿನಿ ಶೆಡ್ಡಿನ ಆ ತುದಿಯವರೆಗೆ ನಡೆದು, ಮೈನ್ ಬೋರ್ಡಿನ ಬಾಗಿಲು ತೆಗೆದು, ಫ್ಯೂಜಿಲ್ಲದ ಖಾಲಿ ಜಾಗವನ್ನು ಕಣ್ಣಾರೆ ನೋಡಿ ವಾಪಸ್ ಬಂದಳು. ಹೋಗಲು ಮೂವತ್ತು ಹೆಜ್ಜೆ, ಬರಲು ಮೂವತ್ತು. ಬೋರ್ಡಿನ ಮೇಲಿನ ಗೋಡೆಗೆ ಕೆಂಪು ಬಣ್ಣದಲ್ಲಿ ಬರೆಸಿದ್ದರು: ಮೈನ್ ಆಫ್ ಮಾಡದೆ ಯಂತ್ರಕ್ಕೆ ಕೈ ಹಾಕಬಾರದು. ಬರೆಸಿದವರಿಗೆ ಆ ಬೋರ್ಡನ್ನು ಯಂತ್ರದ ಪಕ್ಕದಲ್ಲಿ ಇಡಿಸಬೇಕು ಎನ್ನುವುದು ಮಾತ್ರ ಹೊಳೆದಿರಲಿಲ್ಲ.

ಅದು ಗುಬ್ಬಿಯಿಂದ ನಾಲ್ಕು ಕಿಲೋಮೀಟರ್ ಆಚೆ ಇರುವ ಅಣ್ಣಯ್ಯಪ್ಪನ ತೆಂಗಿನ ನಾರಿನ ಫ್ಯಾಕ್ಟರಿ. ಫ್ಯಾಕ್ಟರಿ ಎಂದರೆ ತಗಡಿನ ಒಂದು ಉದ್ದನೆಯ ಶೆಡ್ಡು, ಹೊರಗೆ ಗುಡ್ಡೆ ಹಾಕಿದ ನೆನೆದ ಸಿಪ್ಪೆ, ಒಳಗೆ ಮೈತುಂಬ ಕಬ್ಬಿಣದ ಮೊಳೆ ಇರುವ ಒಂದು ಡ್ರಮ್ಮು, ಅದಕ್ಕೆ ಸಿಪ್ಪೆ ಉಣ್ಣಿಸುವ ಬೆಲ್ಟು, ನಾರು ಜಾಡಿಸುವ ಜರಡಿ. ಹದಿನೆಂಟು ದಿನದ ಹಿಂದೆ ಆ ಡ್ರಮ್ಮಿನ ಬಾಯಿಗೆ ಸಿಕ್ಕಿ, ಅಲ್ಲೇ ಕೆಲಸಕ್ಕಿದ್ದ ನರಸಮ್ಮನ ಬಲಗೈ ಮೊಣಕೈವರೆಗೆ ಹೋಯಿತು. ಈಗ ಡ್ರಮ್ಮನ್ನು ತೊಳೆದು, ಅರಿಶಿನ ಕುಂಕುಮ ಹಚ್ಚಿ, ಮುಂದೆ ಬೂದುಗುಂಬಳ ಒಡೆದಿದ್ದರು. ಅದರ ಹೋಳುಗಳು ನೆಲದ ಮೇಲೆಯೇ ಒಣಗಿ ಸುರುಟಿಕೊಂಡಿದ್ದವು. ಕದರಮ್ಮ ಅವುಗಳ ಸುತ್ತ ಗುಡಿಸುತ್ತಿದ್ದಳೇ ಹೊರತು ಅವನ್ನು ಮುಟ್ಟುತ್ತಿರಲಿಲ್ಲ.

ಮಾಲಿನಿ ಬಂದದ್ದು ಡಬ್ಬಿ ಬಿಚ್ಚಿಕೊಂಡು ಹೋಗುವುದಕ್ಕೆ. ತುಮಕೂರಿನ ಸತ್ಯಮಂಗಲದಲ್ಲಿ ಮಲ್ಲಿಕಾರ್ಜುನ್ ಎಂಬಾತ ಎರಡು ಶೆಟರಿನ ವರ್ಕ್‌ಶಾಪ್ ಇಟ್ಟುಕೊಂಡು ಇಂಥ ಕಂಟ್ರೋಲ್ ಡಬ್ಬಿಗಳನ್ನು ಮಾಡಿ, ಸುತ್ತಲಿನ ಹನ್ನೆರಡು ನಾರಿನ ಫ್ಯಾಕ್ಟರಿಗಳಿಗೆ ಕೂರಿಸಿದ್ದ. ಮಾಲಿನಿ ಅಲ್ಲಿ ಏಳು ವರ್ಷದಿಂದ ಕೆಲಸಕ್ಕಿದ್ದಳು. ಡಬ್ಬಿಯೊಳಗೆ ಇರುವುದು ಅಂಗೈಯಗಲದ ಒಂದು ಕಂಪ್ಯೂಟರ್ ಬೋರ್ಡು. ಅದರ ಬುದ್ಧಿಯೆಲ್ಲ ಉಗುರಿನಷ್ಟಿರುವ ಒಂದು ಮೆಮೊರಿ ಕಾರ್ಡಿನಲ್ಲಿರುತ್ತದೆ. ಕರೆಂಟು ಬಂದ ಕೂಡಲೇ ಮೂರು ಮೋಟರೂ ಒಟ್ಟಿಗೆ ಎದ್ದರೆ ಟ್ರಾನ್ಸ್‌ಫಾರ್ಮರ್ ತಡೆಯುತ್ತಿರಲಿಲ್ಲ. ಆದ್ದರಿಂದ ಮೊದಲು ಡ್ರಮ್ಮು, ಆಮೇಲೆ ಬೆಲ್ಟು, ಆಮೇಲೆ ಜರಡಿ ಎಂದು ಒಂದೊಂದನ್ನೇ ಎಬ್ಬಿಸುವುದು ಡಬ್ಬಿಯ ಕೆಲಸ. ಗುಂಡಿ ಒತ್ತುವುದಕ್ಕೆ ಅಂತ ಒಬ್ಬರನ್ನು ನಿಲ್ಲಿಸುವುದಕ್ಕಾಗುವುದಿಲ್ಲ, ಕರೆಂಟು ಬಂದರೆ ತಾನಾಗೇ ಓಡಬೇಕು ಎಂದು ಅಣ್ಣಯ್ಯಪ್ಪ ಮೊದಲ ದಿನವೇ ಹೇಳಿದ್ದ. ಹಾಗೇ ಮಾಡಿಕೊಟ್ಟಿದ್ದರು.

ತೊಂದರೆ ಇದ್ದದ್ದು ಕಾರ್ಡಿನಲ್ಲಿ. ದಿನಕ್ಕೆ ಹತ್ತು ಹನ್ನೆರಡು ಸಲ ಕರೆಂಟು ಹೋಗಿ ಬರುವ ಜಾಗ ಅದು. ಕಾರ್ಡಿನಲ್ಲಿದ್ದದ್ದೋ ಕಂಪ್ಯೂಟರ್ ನಡೆಸುವ ದೊಡ್ಡ ಲಿನಕ್ಸ್ ತಂತ್ರಾಂಶ. ಪ್ರಿಂಟರಿಗೆ ಬೇಕಾದದ್ದು, ಹಾಡು ಕೇಳುವುದಕ್ಕೆ ಬೇಕಾದದ್ದು, ಇಂಟರ್‌ನೆಟ್ ನೋಡುವುದಕ್ಕೆ ಬೇಕಾದದ್ದು, ಬಣ್ಣಬಣ್ಣದ ಪರದೆ, ನಾರಿನ ಶೆಡ್ಡಿನಲ್ಲಿ ಯಾರಿಗೂ ಬೇಡದ್ದೆಲ್ಲ ಅದರಲ್ಲಿತ್ತು. ಪ್ರತಿ ಸಲವೂ ಈ ಸಂಸಾರವನ್ನೆಲ್ಲ ಎಬ್ಬಿಸಿಕೊಂಡು ಏಳಲು ಅದಕ್ಕೆ ನಲವತ್ತು ಸೆಕೆಂಡು ಹಿಡಿಯುತ್ತಿತ್ತು. ಕಾರ್ಡಿನ ಮೇಲೆ ಏನೋ ಬರೆದುಕೊಳ್ಳುತ್ತಿರುವಾಗಲೇ ಕರೆಂಟು ಹೋಗಿ, ಎರಡು ತಿಂಗಳಿಗೊಂದು ಕಾರ್ಡು ಸಾಯುತ್ತಿತ್ತು. ಅಣ್ಣಯ್ಯಪ್ಪ ಫೋನು ಮಾಡಿ ಕೂಗಾಡುತ್ತಿದ್ದ. ಮಾಲಿನಿ ಹಗುರವಾದ ಲಿನಕ್ಸ್ ಒಂದನ್ನು ಆರಿಸಿಕೊಂಡು, ಅದರಲ್ಲೂ ಬೇಡದ್ದನ್ನು ಒಂದೊಂದಾಗಿ ಕಿತ್ತುಹಾಕುತ್ತಾ ಹೋದಳು. ನಲವತ್ತು ಇದ್ದದ್ದು ಇಪ್ಪತ್ತೆರಡಾಯಿತು, ಹದಿನಾಲ್ಕಾಯಿತು. ಒಂದು ವಾರ ಊಟ ತಿಂಡಿಯ ಪರಿವೆಯಿಲ್ಲದೆ ಕೂತು ಅದನ್ನು ಒಂಬತ್ತಕ್ಕೆ ಇಳಿಸಿದಳು. ಕಾರ್ಡಿನ ಮೇಲೆ ಬರೆಯುವುದನ್ನೂ ನಿಲ್ಲಿಸಿಬಿಟ್ಟಿದ್ದಳು, ಇನ್ನು ಅದು ಸಾಯುವ ಮಾತೇ ಇಲ್ಲ. ಪ್ಲಗ್ ಹಾಕುವುದು, ಒಂಬತ್ತು ಸೆಕೆಂಡಿಗೆ ಮೋಟರಿಗೆ ಕರೆಂಟು ಬಿಡುವ ಒಳಗಿನ ರಿಲೇ ಟಕ್ ಎನ್ನುವುದು, ಇಷ್ಟನ್ನೇ ವೀಡಿಯೊ ಮಾಡಿ ವಾಟ್ಸಾಪ್ ಸ್ಟೇಟಸ್‌ಗೂ ಹಾಕಿಕೊಂಡಿದ್ದಳು. ಹೆಮ್ಮೆಪಡುವ ಕೆಲಸವೇ ಅದು. ಅಲ್ಲ ಎನ್ನುವವರು ಒಂದು ಸಲ ಮಾಡಿ ನೋಡಲಿ.

ಹೊಸ ಕಾರ್ಡು ಮೊದಲು ಬಂದದ್ದು ಈ ಶೆಡ್ಡಿಗೇ. ಅವತ್ತು ಮಧ್ಯಾಹ್ನ ಹೆಂಗಸರು ಹೊಂಗೆ ಮರದ ಕೆಳಗೆ ಊಟಕ್ಕೆ ಕೂತಿದ್ದಾಗ ಮಾಲಿನಿ ಕಾರ್ಡು ಬದಲಾಯಿಸಿ, ಮೋಟರಿನ ತಂತಿ ಬಿಚ್ಚಿಟ್ಟು ಮೂರು ಸಲ ಪರೀಕ್ಷೆ ಮಾಡಿ, ಮತ್ತೆ ತಂತಿ ಜೋಡಿಸಿ, ಎರಡು ಗಂಟೆಯ ಬಸ್ಸಿಗೆ ಹೊರಟಿದ್ದಳು. ಮುದ್ದೆ ಉಂಡು ಹೋಗು ಬಾರವ್ವ ಎಂದು ನರಸಮ್ಮ ಮರದ ಕೆಳಗಿನಿಂದ ಕರೆದಿದ್ದಳು. ಬಸ್ಸು ತಪ್ಪುತ್ತೆ ಎಂದು ಮಾಲಿನಿ ನಿಂತಲ್ಲಿಂದಲೇ ಕೈ ಬೀಸಿದ್ದಳು. ಮೂರೂಕಾಲಿಗೆ ಕರೆಂಟು ಹೋಯಿತು. ಮೂರೂವರೆಗೆ ಬಂತು.

ಮೆಷಿನ್ನಿಗೆ ಹೆಂಗಸೊಬ್ಬಳು ಕೈ ಹಾಕಿಬಿಟ್ಟಳಂತೆ ಎಂದಷ್ಟೇ ಅವಳಿಗೆ ಫೋನಿನಲ್ಲಿ ತಿಳಿದದ್ದು. ಓಡುತ್ತಿರುವ ಡ್ರಮ್ಮಿಗೆ ಬುದ್ಧಿ ಇದ್ದವರು ಯಾರಾದರೂ ಕೈ ಹಾಕುತ್ತಾರಾ ಎಂದು ಇಷ್ಟು ದಿನವೂ ಅನಿಸುತ್ತಲೇ ಇತ್ತು. ಡಬ್ಬಿಯ ಸ್ಕ್ರೂ ಬಿಚ್ಚುತ್ತಾ ಅದನ್ನೇ ಕದರಮ್ಮನನ್ನು ಕೇಳಿದಳು.

"ಓಡುವಾಗ ಯಾರವ್ವ ಹಾಕ್ತಾರೆ? ಕರೆಂಟ್ ಇಲ್ದಾಗ ಹಾಕೋದು," ಎಂದಳು ಕದರಮ್ಮ. "ಎಣಿಕೆ ತಪ್ಪುದ್ಲು, ಅಷ್ಟೇಯ."

ಯಾವ ಎಣಿಕೆ ಎಂದು ಮಾಲಿನಿ ಕೇಳಿದಳು. ಇಷ್ಟೂ ಗೊತ್ತಿಲ್ಲವಾ ಎನ್ನುವ ಹಾಗೆ ನೋಡಿ ಕದರಮ್ಮ ಬಿಡಿಸಿ ಹೇಳಿದಳು. ಕರೆಂಟು ಹೋದಾಗ ಡ್ರಮ್ಮಿನ ಬಾಯಲ್ಲಿ ಸಿಪ್ಪೆ ಕಚ್ಚಿಕೊಂಡು ನಿಲ್ಲುತ್ತದೆ. ಅದನ್ನು ಕಿತ್ತು ತೆಗೆಯದಿದ್ದರೆ ಮತ್ತೆ ಓಡುವಾಗ ಬೆಲ್ಟು ಹರಿದುಹೋಗುತ್ತದೆ, ಅಣ್ಣಯ್ಯಪ್ಪ ವಾಚಾಮಗೋಚರ ಬಯ್ಯುತ್ತಾನೆ. ಕೀಳುತ್ತಿರುವಾಗಲೇ ಕರೆಂಟು ಬರುವುದೂ ಉಂಟು. ಬಂದರೆ ಡಬ್ಬಿಯ ಮೇಲೆ ಕೆಂಪು ದೀಪ ಹತ್ತುತ್ತದೆ, ಅಲ್ಲಿಂದ ಎಣಿಸುತ್ತಾ ಹೋಗಬೇಕು. ಎರಡಿಪ್ಪತ್ತು, ಅಂದರೆ ನಲವತ್ತು, ಆಗುವವರೆಗೆ ಡಬ್ಬಿ ಏಳುವುದಿಲ್ಲ. ಒಂದಿಪ್ಪತ್ತಕ್ಕೆ ಕೈ ತೆಗೆದರೂ ಇನ್ನೊಂದಿಪ್ಪತ್ತು ಉಳಿದೇ ಇರುತ್ತದೆ. ನಾಲ್ಕು ವರ್ಷದಿಂದ ಹೀಗೇ ನಡೆದಿದೆ, ಯಾರಿಗೂ ಒಂದು ಗೀರು ಆಗಿಲ್ಲ. ಈ ಎಣಿಕೆ ಕಂಡುಹಿಡಿದವಳೂ ನರಸಮ್ಮನೇ, ಹೊಸದಾಗಿ ಸೇರಿದವರಿಗೆಲ್ಲ ಕಲಿಸಿದವಳೂ ಅವಳೇ. ರಾಗಿ ಅಳೆಯುವಾಗ ಎಣಿಸುವ ಹಾಗೆ ಒಂದು ಎನ್ನದೆ ಲಾಭ ಎಂದು ಶುರುಮಾಡಿ, ಒಂದು ಸೇರು ಸುರಿಯುವಷ್ಟು ಹೊತ್ತಿಗೆ ಒಂದು ಎಣಿಕೆ.

"ಅವ್ಳಿಗೇ ತಪ್ತು ನೋಡು. ವಯಸ್ಸಾಯ್ತು, ತಲೆ ಮಂಕಾಗಿರ್ಬೇಕು," ಎಂದು ಕದರಮ್ಮ ಮತ್ತೆ ಗುಡಿಸತೊಡಗಿದಳು.

ಮಾಲಿನಿ ಕೊನೆಯ ಸ್ಕ್ರೂ ಬಿಚ್ಚದೆ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ತಪ್ಪಿದ್ದು ನರಸಮ್ಮನ ಎಣಿಕೆಯಲ್ಲ, ನಿನ್ನ ಡಬ್ಬಿ ಎಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಅವತ್ತಿನಿಂದ ಶೆಡ್ಡಿಗೆ ಕರೆಂಟೇ ಕೊಟ್ಟಿರಲಿಲ್ಲವಾದ್ದರಿಂದ ಹೊಸ ಕಾರ್ಡು ಎಷ್ಟು ಬೇಗ ಏಳುತ್ತದೆಂದು ಈ ಹೆಂಗಸರು ನೋಡಿಯೇ ಇರಲಿಲ್ಲ. ಗೊತ್ತಿದ್ದವಳು ಇಡೀ ಶೆಡ್ಡಿಗೆ ಅವಳೊಬ್ಬಳು. ಬಾಯಿ ತೆರೆದಳು, ಆದರೆ ನೀರು ಇದೆಯಾ ಎಂದಷ್ಟೇ ಕೇಳಿದಳು.

ಅಷ್ಟರಲ್ಲಿ ಅಣ್ಣಯ್ಯಪ್ಪ ಬಂದ. ನರಸಮ್ಮನನ್ನು ಆಸ್ಪತ್ರೆಗೆ ಅವನೇ ಎತ್ತಿಕೊಂಡು ಓಡಿದವನು, ಅವನೇ ಅತ್ತವನು. ಈಗ ಅಳು ಮುಗಿದು ಹೆದರಿಕೆ ಶುರುವಾಗಿತ್ತು. ಸೋಮವಾರ ಕಾರ್ಖಾನೆ ಇಲಾಖೆಯ ಇನ್ಸ್‌ಪೆಕ್ಟರು ಬರುತ್ತಾರೆ, ಅಷ್ಟರೊಳಗೆ ನರಸಮ್ಮ ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಕು, ಮೈನ್ ಆಫ್ ಮಾಡದೆ ನನ್ನ ಅಜಾಗರೂಕತೆಯಿಂದ ಕೈ ಹಾಕಿದೆ ಅಂತ. ಅವಳೇನೂ ಬೇಡ ಎಂದಿಲ್ಲ. ಕೊತ್ತಗೆರೆಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಆದರೆ ಒಂದೇ ಹಟ ಹಿಡಿದಿದ್ದಾಳೆ: ಡಬ್ಬಿ ರಿಪೇರಿಯ ಹುಡುಗಿ ಡಬ್ಬಿ ತಗೊಂಡು ಬರಲಿ, ಒಂದು ಮಾತು ಕೇಳಬೇಕು, ಆಮೇಲೆ ಒತ್ತುತ್ತೀನಿ. ಇಷ್ಟು ಹೇಳಿ ಅಣ್ಣಯ್ಯಪ್ಪ ಕಾಗದವನ್ನೂ ಒಂದು ಹೊಸ ಸ್ಟಾಂಪ್ ಪ್ಯಾಡನ್ನೂ ಮಾಲಿನಿಯ ಕೈಗಿಟ್ಟ.

ಸತ್ಯಮಂಗಲಕ್ಕೆ ವಾಪಸ್ ಬಂದವಳು ಬ್ಯಾಗು ಇಳಿಸುವ ಮೊದಲೇ ಮಲ್ಲಿಕಾರ್ಜುನನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಅವನು ಕೆಟ್ಟವನಲ್ಲ. ಹಣೆಯ ವಿಭೂತಿ ಮಾಸುವ ಮುಂಚೆ ಯಾರಿಗೂ ಗದರುವವನಲ್ಲ, ಕೆಲಸದವರ ಮನೆಯಲ್ಲಿ ಕಾಯಿಲೆ ಎಂದರೆ ತಾನೇ ಗಾಡಿ ಹತ್ತಿಸಿಕೊಂಡು ಹೋಗುವವನು. ಕೇಳಿ ಮುಗಿಸಿದವನೇ ಎದ್ದು ಹೋಗಿ ಒಂದು ಶೆಟರ್ ಎಳೆದು ಬಂದ.

"ಎಣಿಸ್ಕೊಂಡು ಕೈ ಹಾಕಿ ಅಂತ ನಾವು ಹೇಳಿದ್ವಾ? ಗೋಡೆ ಮೇಲೆ ಬರ್ದಿಲ್ವಾ?" ಎಂದ. ಆಮೇಲೆ ದನಿ ತಗ್ಗಿಸಿ, "ಈ ಮಾತು ಹೊರಗೆ ಬಿದ್ರೆ ಹನ್ನೆರಡು ಫ್ಯಾಕ್ಟರಿಯವ್ರೂ ಡಬ್ಬಿ ತಂದು ನಮ್ಮ ಬಾಗಿಲಲ್ಲಿ ಎಸೀತಾರಮ್ಮ. ಇಲ್ಲಿ ಆರು ಜನ ಉಣ್ತಾ ಇದೀವಿ. ಕೇಸು ಅಂತ ಆದ್ರೆ ಮೊದ್ಲು ಬರೋದು ನಿನ್ನ ಹೆಸ್ರು."

ಅದೂ ಸುಳ್ಳಲ್ಲ. ಕಾರ್ಡಿನೊಳಗೆ, ಮೊದಲ ಸಾಲಿನಲ್ಲಿಯೇ, ಮಾಡಿದವರು ಮಾಲಿನಿ ಎಂದು ಅವಳೇ ಹೆಮ್ಮೆಯಿಂದ ಬರೆದುಕೊಂಡಿದ್ದಳು.

ಮಲ್ಲಿಕಾರ್ಜುನನೇ ದಾರಿ ಹುಡುಕಿದ. ಹಳೆಯ ಕಾರ್ಡು ಇದೆಯಾ ಎಂದು ಕೇಳಿದ. ಇತ್ತು. ತೆಗೆದ ಕಾರ್ಡುಗಳನ್ನೆಲ್ಲ ಬೆಂಕಿಪೊಟ್ಟಣದಲ್ಲಿ ಹಾಕಿ, ಮೇಲೆ ಊರಿನ ಹೆಸರು ಬರೆದಿಡುವುದು ಅವಳ ಅಭ್ಯಾಸ. ಹಾಗಾದರೆ ಡಬ್ಬಿಗೆ ಅದನ್ನೇ ಹಾಕಿಕೊಂಡು ಹೋಗು ಎಂದ. ನರಸಮ್ಮ ಡಬ್ಬಿ ಏಳುವುದನ್ನು ನೋಡಬೇಕು ಎಂದರೆ ತೋರಿಸು, ನಲವತ್ತಕ್ಕೆ ಏಳುತ್ತೆ, ಸಮಾಧಾನವಾಗಿ ಒತ್ತುತ್ತಾಳೆ. ಹೋದ ಕೈ ಏನು ಮಾಡಿದರೂ ಬರುವುದಿಲ್ಲ, ಇರುವ ಅನ್ನವನ್ನಾದರೂ ಉಳಿಸಿಕೊಳ್ಳೋಣ ಎಂದು ಕೊನೆಗೆ ಬೇಡಿಕೊಂಡ ಹಾಗೆ ಹೇಳಿದ.

ಉಳಿದ ಹನ್ನೊಂದು ಫ್ಯಾಕ್ಟರಿಗೆ ಹೋಗಬೇಕಾದ ಹೊಸ ಕಾರ್ಡುಗಳು ಮೇಜಿನ ಮೇಲೆ ಸಿದ್ಧವಾಗಿದ್ದವು. ಆ ಸಂಜೆ ಮಾಲಿನಿ ಅವುಗಳನ್ನು ಒಂದೊಂದಾಗಿ ತೆಗೆದು ಒಂದೇ ಒಂದು ಸಾಲು ಸೇರಿಸಿದಳು: ಯಾರಾದರೂ ಗುಂಡಿ ಒತ್ತುವ ತನಕ ಮೋಟರು ಎಬ್ಬಿಸಬೇಡ. ಒಂದು ಕಾರ್ಡಿಗೆ ಎರಡು ನಿಮಿಷವೂ ಹಿಡಿಯಲಿಲ್ಲ. ಮಲ್ಲಿಕಾರ್ಜುನ್ ಬಂದು ಹಿಂದೆ ನಿಂತು ನೋಡಿ, ಒಳ್ಳೆಯದಾಯಿತು ಎಂದು ಹೋದ. ಈ ಎರಡು ನಿಮಿಷವನ್ನು ಒಂದು ತಿಂಗಳ ಹಿಂದೆ ಖರ್ಚು ಮಾಡಿದ್ದರೆ ಎಂಬ ಯೋಚನೆ ಅವಳ ತಲೆಯೊಳಗೆ ಕೂತುಬಿಟ್ಟಿತು. ಅವತ್ತು ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿದಳು. ಡಬ್ಬಿ ತೊಡೆಯ ಮೇಲಿತ್ತು. ಅದರೊಳಗೆ ಹಳೆಯ ಕಾರ್ಡು. ಡಬ್ಬಿಯಿಂದ ತೆಗೆದ ಹೊಸದನ್ನು, ತಿದ್ದದೆ ಹಾಗೇ, ಬೆಂಕಿಪೊಟ್ಟಣದಲ್ಲಿ ಹಾಕಿ ಪರ್ಸಿನಲ್ಲಿ ಯಾಕೆ ಇಟ್ಟುಕೊಂಡಳೋ ಅವಳಿಗೇ ಗೊತ್ತಿರಲಿಲ್ಲ. ದಾರಿಯುದ್ದಕ್ಕೂ ಮಲ್ಲಿಕಾರ್ಜುನನ ಮಾತನ್ನೇ ಮನಸ್ಸಿಗೆ ಹೇಳಿಕೊಂಡಳು. ಹೋದ ಕೈ ಬರುವುದಿಲ್ಲ. ನಾನು ಬೇಕು ಅಂತ ಮಾಡಿಲ್ಲ. ಆರು ಜನ ಇದ್ದಾರೆ. ಕುಣಿಗಲ್ಲಿನಲ್ಲಿ ಇಳಿದು ಕೊತ್ತಗೆರೆಗೆ ಆಟೋ ಹಿಡಿಯುವ ಹೊತ್ತಿಗೆ ಅದು ಹೆಚ್ಚುಕಡಿಮೆ ನಿಜವೆಂದೇ ಅನಿಸತೊಡಗಿತ್ತು.

ನರಸಮ್ಮನ ಮಗಳು ನೇತ್ರಾವತಿಯ ಮನೆ ಊರೊಳಗೇ ಇತ್ತು. ಸಿಮೆಂಟು ನೆಲದ ಒಂದು ಪಡಸಾಲೆ, ಮೂಲೆಯಲ್ಲಿ ಬಾಯಿ ಬಿಚ್ಚಿದ ರಾಗಿ ಮೂಟೆ, ಅದರ ಮೇಲೆ ಹಿತ್ತಾಳೆಯ ಸೇರು. ಹತ್ತು ತಿಂಗಳ ಕೂಸೊಂದು ನೆಲದ ಮೇಲೆ ತೆವಳುತ್ತಿತ್ತು. ನರಸಮ್ಮ ಗೋಡೆಗೊರಗಿ ಕೂತಿದ್ದಳು. ಬಲಗಡೆಗೆ ಸೆರಗು ಹೊದ್ದಿದ್ದಳು, ಅದರೊಳಗೆ ಇರಬೇಕಾದ ಉದ್ದ ಇರಲಿಲ್ಲ. ಐವತ್ತೈದರ ಹೆಂಗಸು ಮೂರು ವಾರದೊಳಗೆ ಎಪ್ಪತ್ತರವಳ ಹಾಗೆ ಕಂಡಳು.

"ಬಂದ್ಯಾ ಮಗ," ಎಂದಳು. ಮೊದಲಿನ ದನಿಯಲ್ಲೇ ಕರೆದಳು. ಮಾಲಿನಿಗೆ ಅದನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಬಯ್ದಿದ್ದರೆ ವಾಸಿಯಿತ್ತು.

ನೇತ್ರಾವತಿ ಕಾಫಿ ಕೊಟ್ಟು, ತಾಯಿಯ ಸ್ಥಿತಿಯನ್ನು ತಾಯಿಯ ಮುಂದೆಯೇ ಹೇಳಿದಳು. ನೋವಿಗೆ ಅತ್ತದ್ದು ಎರಡು ದಿನ, ಅಷ್ಟೇ. ಆಮೇಲೆ ಬೇರೆಯದೇ ಶುರುವಾಗಿದೆ. ಒಲೆ ಹತ್ತಿರ ಹೋಗುವುದಿಲ್ಲ. ಕೂಸನ್ನು ತೊಡೆಯ ಮೇಲೆ ಹಾಕಿದರೆ ತೆಗಿ ತೆಗಿ ಎನ್ನುತ್ತಾಳೆ. ಮಿಲ್ಲಿಗೆ ಕಳಿಸಲು ರಾಗಿ ಅಳೆದುಕೊಡು, ಎಡಗೈ ಇದೆಯಲ್ಲ ಎಂದರೆ ಅಳೆಯುವುದಿಲ್ಲ. ನನಗೆ ಎಣಿಕೆ ಬರುವುದಿಲ್ಲ ಎನ್ನುತ್ತಾಳೆ.

"ನಮ್ಮವ್ವ ದೊಡ್ಡಗಂಗಮ್ಮ ಹಿಂಗೇ ಆಗಿದ್ದು," ಎಂದಳು ನರಸಮ್ಮ. "ಮೊದ್ಲು ಎಣಿಕೆ ತಪ್ತು. ರಾಗಿ ಅಳೀವಾಗ ಆರಾದ್ಮೇಲೆ ಹನ್ನೊಂದು ಅನ್ನಾಳು. ಆಮೇಲೆ ನಮ್ ಹೆಸ್ರು ಮರೆತ್ಲು. ಕೊನೇಗೆ ಒಲೆಗೆ ಬೆಂಕಿ ಹಾಕಿ ಅಲ್ಲೇ ಮಲಗಿಬುಟ್ಲು. ಕೈ ಹೋಗಿದ್ದು ಹೋಯ್ತು ಬುಡು. ತಲೆ ಹೋಗೋದೇ ನಂಗೆ ಭಯ. ಅದ್ಕೇ ನಿನ್ನ ಕರ್ಸಿದ್ದು. ಡಬ್ಬಿ ಹಾಕು. ನಾನು ಎಣಿಸ್ತೀನಿ. ನನ್ನೆಣಿಕೆ ಸರ್ಯಾಗೈತಾ ನೋಡ್ಬೇಕು."

ಮಾಲಿನಿ ಟೀವಿಯ ಪ್ಲಗ್ ತೆಗೆದು ಡಬ್ಬಿಯ ಪ್ಲಗ್ ಸಿಕ್ಕಿಸಿದಳು. ಕೆಂಪು ದೀಪ ಹತ್ತಿತು.

"ಲಾಭ," ಎಂದಳು ನರಸಮ್ಮ. "ಎರಡು. ಮೂರು."

ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಎಡಗೈ ಗಾಳಿಯಲ್ಲಿ ಸೇರು ಎತ್ತಿ ಸುರಿಯುವ ಹಾಗೆ ಒಂದೇ ಸಮನೆ ಆಡುತ್ತಿತ್ತು. ಎಣಿಕೆಗೆ ಅವಸರವೂ ಇರಲಿಲ್ಲ, ತಡವೂ ಇರಲಿಲ್ಲ. ಒಂದಿಪ್ಪತ್ತು ಆಯಿತು. ನೇತ್ರಾವತಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಮೂವತ್ತಾಯಿತು. ಎರಡಿಪ್ಪತ್ತು ಎನ್ನುವುದಕ್ಕೂ ಡಬ್ಬಿಯೊಳಗೆ ಟಕ್ ಎನ್ನುವುದಕ್ಕೂ ಕೂದಲೆಳೆಯ ವ್ಯತ್ಯಾಸವೂ ಬರಲಿಲ್ಲ. ಹಸಿರು ದೀಪ ಹತ್ತಿತು.

ನರಸಮ್ಮ ಕಣ್ಣು ತೆರೆದಳು. ಸಂತೋಷವಾಗುತ್ತದೆ ಎಂದುಕೊಂಡಿದ್ದ ನೇತ್ರಾವತಿ, ನೋಡಮ್ಮ ಸರಿಯಾಗೇ ಇದೆಯಲ್ಲ ಎಂದಳು. ನರಸಮ್ಮನ ಮುಖ ಮಾತ್ರ ಕುಸಿದಿತ್ತು.

"ಡಬ್ಬಿ ಸರ್ಯಾಗೈತೆ," ಎಂದಳು. "ಅವತ್ತು ಒಂಬತ್ತು ಅಂದಿದ್ದೆ ಕಣೆ ನಾನು. ಒಂಬತ್ತಕ್ಕೇ ಎದ್ದುಬುಡ್ತು. ಡಬ್ಬಿ ಎರಡಿಪ್ಪತ್ತಕ್ಕೇ ಏಳೋದಾದ್ರೆ, ನಾನು ಮಧ್ಯದಲ್ಲಿ ಎಲ್ಲೋ ಹೋಗ್ಬುಟ್ಟಿದೀನಿ. ಮೂವತ್ತೊಂದು ಎಣಿಕೆ ಎಲ್ಲೋಯ್ತೋ ನಂಗೇ ಗೊತ್ತಿಲ್ಲ. ನಮ್ಮವ್ವನೂ ಹಂಗೇಯ. ಒಂದಿನ ಸರ್ಯಾಗಿರಾಳು, ಒಂದಿನ ಇರ್ತಿರ್ಲಿಲ್ಲ."

ಕೂಸನ್ನು ತನ್ನ ಹತ್ತಿರ ಬಿಟ್ಟು ಎಲ್ಲೂ ಹೋಗಬೇಡ ಎಂದು ಮಗಳಿಗೆ ಹೇಳಿದಳು. ಆಮೇಲೆ ಮಾಲಿನಿಯ ಕಡೆ ತಿರುಗಿ, ಅದ್ಯಾವುದು ಕಾಗದ ಕೊಡವ್ವ, ಒತ್ತುತ್ತೀನಿ ಎಂದು ಎಡಗೈ ಚಾಚಿದಳು.

ಮಾಲಿನಿ ಕಾಗದ ತೆಗೆದು ನೆಲದ ಮೇಲೆ ಹರಡಿದಳು. ಸ್ಟಾಂಪ್ ಪ್ಯಾಡಿನ ಮುಚ್ಚಳ ತೆಗೆದಳು. ಹೊಸ ಶಾಯಿಯ ವಾಸನೆ ಬಂತು. ಮಲ್ಲಿಕಾರ್ಜುನ್ ಹೇಳಿದ ಹಾಗೆಯೇ ಎಲ್ಲ ನಡೆದಿತ್ತು, ಅವಳು ಒಂದು ಸುಳ್ಳನ್ನೂ ಬಾಯಿಬಿಟ್ಟು ಹೇಳಬೇಕಾಗಿ ಬಂದಿರಲಿಲ್ಲ. ನರಸಮ್ಮನ ಹೆಬ್ಬೆಟ್ಟು ಪ್ಯಾಡಿನ ಮೇಲೆ ಇಳಿಯುವುದನ್ನು ನೋಡಿದಳು. ತನ್ನಿಂದ ಈ ಹೆಂಗಸಿನ ಕೈ ಹೋಯಿತು, ಈಗ ಉಳಿದದ್ದನ್ನೂ ತೆಗೆದುಕೊಳ್ಳುತ್ತಿದ್ದೇನೆ ಎಂದು ಅವಳಿಗೆ ಆ ಗಳಿಗೆಯಲ್ಲಿ ನಿಚ್ಚಳವಾಗಿ ಕಂಡಿತು. 

"ಸ್ವಲ್ಪ ಇರಿ," ಎಂದಳು.

ಪ್ಲಗ್ ಕಿತ್ತಳು. ಡಬ್ಬಿಯ ಪಕ್ಕದ ಸೀಳಿನಿಂದ ಕಾರ್ಡು ಹೊರಗೆಳೆದಳು. ಪರ್ಸಿನಿಂದ ಬೆಂಕಿಪೊಟ್ಟಣ ತೆಗೆಯುವಾಗ ಹೊಸ ಕಾರ್ಡು ಒಂದು ಸಲ ನೆಲಕ್ಕೆ ಬಿತ್ತು. ಅದನ್ನು ಎತ್ತಿ ಸಿಕ್ಕಿಸಿ, ಇನ್ನೊಂದು ಸಲ ಎಣಿಸಿ ಎಂದಳು.

ಯಾಕೆ ಎಂದು ನರಸಮ್ಮ ಕೇಳಲಿಲ್ಲ. ಕೆಂಪು ದೀಪ ಹತ್ತಿದ ಕೂಡಲೇ ಲಾಭ ಎಂದಳು. ಅದೇ ದನಿ, ಅದೇ ನಿಧಾನ. ಒಂಬತ್ತು ಎಂದಳು, ಡಬ್ಬಿ ಟಕ್ ಎಂದಿತು.

ಅವಳ ಮೈ ಹಿಂದಕ್ಕೆ ಹಾರಿ ಗೋಡೆಗೆ ಬಡಿಯಿತು. ಇಲ್ಲದ ಕೈಯನ್ನು ಎಳೆದುಕೊಂಡಳು. ನೇತ್ರಾವತಿ ಓಡಿ ಹೋಗಿ ಹಿಡಿದುಕೊಂಡಳು.  ಕೂಸು ಹಸಿರು ದೀಪವನ್ನು ನೋಡಿ ಕೈ ಚಾಚಿತು.

"ಇನ್ನೊಂದ್ಸಲ ಹಾಕು," ಎಂದಳು ನರಸಮ್ಮ.

ಹಾಕಿದಳು. ಒಂಬತ್ತು. ಇನ್ನೊಂದು ಸಲ ಎಂದಳು. ಒಂಬತ್ತು. ಮೂರನೆಯ ಸಲಕ್ಕೆ ನರಸಮ್ಮ ಬೆಚ್ಚಲಿಲ್ಲ. ಡಬ್ಬಿಯನ್ನೇ ನೋಡುತ್ತಾ ಕೂತಿದ್ದಳು.

"ಯಾವಾಗ ಹಿಂಗೆ ಮಾಡ್ದೆ?"

"ಅವತ್ತೇ. ಮಧ್ಯಾಹ್ನ, ನೀವೆಲ್ಲ ಊಟಕ್ಕೆ ಕೂತಿದ್ರಲ್ಲ, ಆಗ," ಎಂದಳು ಮಾಲಿನಿ. "ಬೇಗ ಏಳ್ಲಿ ಅಂತ ಮಾಡ್ದೆ ಅಮ್ಮ. ನೀವು ಎಣಿಸ್ತೀರಿ ಅಂತ ನಂಗೊತ್ತಿರ್ಲಿಲ್ಲ."

ನರಸಮ್ಮ ಡಬ್ಬಿಯಿಂದ ಕಣ್ಣು ತೆಗೆದು ಅವಳ ಕಡೆ ನೋಡಿದಳು.

"ಕೇಳಿದ್ರೆ ಹೇಳ್ತಿದ್ನಲ್ಲವ್ವ," ಎಂದಳು. "ಉಂಡು ಹೋಗು ಬಾ ಅಂತ ಕರುದ್ನಲ್ಲ."

ಅವಳು ಕೂಗಲಿಲ್ಲ, ಶಪಿಸಲಿಲ್ಲ. ಅಷ್ಟು ಹೇಳಿ ಮುಖ ಆಚೆ ತಿರುಗಿಸಿದಳು. ಮಾಲಿನಿಗೆ ಅಳು ಬಂತು. ಆದರೆ ಆ ಮನೆಯಲ್ಲಿ ಕೂತು ಅಳುವ ಹಕ್ಕು ತನಗಿಲ್ಲ ಎನಿಸಿ ಅದನ್ನು ನುಂಗಿಕೊಂಡಳು.

ಮೊದಲು ಎಚ್ಚೆತ್ತವಳು ನೇತ್ರಾವತಿ. ನೆಲದ ಮೇಲಿದ್ದ ಕಾಗದವನ್ನು ಎತ್ತಿಕೊಂಡು ಓದಿದಳು. ನಾಳೆ ಇನ್ಸ್‌ಪೆಕ್ಟರ ಮುಂದೆ ಇದನ್ನೇ ಹೇಳುತ್ತೀರಾ ಎಂದು ಕೇಳಿದಳು. ಮಾಲಿನಿ ಹೇಳುತ್ತೀನಿ ಎಂದಳು. ಬಾಯಿ ಮಾತು ಬೇಡ, ಈಗಲೇ ಬರೆದುಕೊಡಿ ಎಂದು ನೇತ್ರಾವತಿ ಕಾಗದದ ಬೆನ್ನು ತಿರುಗಿಸಿ, ಪೆನ್ನು ಕೊಟ್ಟಳು. ಮಾಲಿನಿ ಬರೆದಳು. ತಾರೀಕು ಬರೆದಳು, ಎಷ್ಟು ಗಂಟೆಗೆ ಯಾವ ಕಾರ್ಡು ತೆಗೆದು ಯಾವ ಕಾರ್ಡು ಹಾಕಿದೆ ಎಂದು ಬರೆದಳು, ಮೊದಲು ನಲವತ್ತು, ಆಮೇಲೆ ಒಂಬತ್ತು, ಇದನ್ನು ಅಲ್ಲಿ ಕೆಲಸ ಮಾಡುವ ಯಾರಿಗೂ ತಿಳಿಸಿರಲಿಲ್ಲ ಎಂದು ಬರೆದಳು. ಬರೆಯುವಾಗ ಆರು ಜನರ ಮುಖವೂ ಕಣ್ಣ ಮುಂದೆ ಬಂತು, ಶೆಟರ್ ಎಳೆದು ಬಂದು ನಿಂತ ಮಲ್ಲಿಕಾರ್ಜುನನ ಮುಖವೂ ಬಂತು. ಕೆಳಗೆ ತನ್ನ ಪೂರ್ತಿ ಹೆಸರು ಹಾಕಿ ಸಹಿ ಮಾಡಿದಳು. ಎರಡು ಕಾರ್ಡನ್ನೂ ಬೆಂಕಿಪೊಟ್ಟಣದಲ್ಲಿ ಹಾಕಿ ಕಾಗದದ ಮೇಲಿಟ್ಟಳು.

ನರಸಮ್ಮನ ಹೆಬ್ಬೆರಳಿನ ಶಾಯಿ ಇನ್ನೂ ಹಾಗೇ ಇತ್ತು. ಅವಳು ಅದನ್ನು ಸೀರೆಯ ಅಂಚಿಗೆ ಒರೆಸಿಕೊಂಡಳು.

"ಅದ್ನ ತಗೊಂಡ್ ಹೋಗು," ಎಂದಳು, ಡಬ್ಬಿಯ ಕಡೆ ನೋಡದೆ. "ನನ್ ಕಣ್ಣಿಗೆ ಇನ್ನೊಂದ್ಸಲ ತೋರಿಸ್ಬ್ಯಾಡ."

ಮಾಲಿನಿ ಡಬ್ಬಿಯನ್ನು ಬ್ಯಾಗಿಗೆ ಹಾಕಿ ಎದ್ದಳು. ಬರುತ್ತೀನಿ ಎಂದಳು. ಜಗುಲಿಗೆ ಬಂದು ಚಪ್ಪಲಿ ಹುಡುಕುತ್ತಿದ್ದಾಗ ಒಳಗೆ ಏನೋ ಎಳೆದ ಸದ್ದಾಯಿತು. ತಿರುಗಿ ನೋಡಿದಳು. ನರಸಮ್ಮ ಕೂತಲ್ಲಿಂದಲೇ ಸರಿದು ರಾಗಿ ಮೂಟೆಯ ಹತ್ತಿರ ಹೋಗಿದ್ದಳು. ಎಡಗೈಯಲ್ಲಿ ಸೇರು ಹಿಡಿದು ಮೂಟೆಯೊಳಗೆ ಅದ್ದಿ ಎತ್ತಿದಳು. ಎಡಗೈಗೆ ಅಭ್ಯಾಸವಿಲ್ಲದೆ ಅರ್ಧ ರಾಗಿ ನೆಲಕ್ಕೆ ಚೆಲ್ಲಿತು. ಹಿಡಿದುಕೊಳ್ಳಲು ಬಂದ ಮಗಳನ್ನು ಮುಂಗೈಯಿಂದ ಪಕ್ಕಕ್ಕೆ ತಳ್ಳಿದಳು. ಚೆಲ್ಲಿದ್ದನ್ನು ಬಿಟ್ಟು ಮತ್ತೆ ತುಂಬಿಕೊಂಡು ಕುಕ್ಕೆಗೆ ಸುರಿದಳು.

"ಲಾಭ," ಎಂದಳು.

ಮಾಲಿನಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಮೆಟ್ಟದೆ ನಿಂತಳು. ಒಳಗೆ ರಾಗಿ ಸುರಿಯುವ ಸದ್ದು, ಆಮೇಲೆ ಎಣಿಕೆ, ಮತ್ತೆ ಸುರಿಯುವ ಸದ್ದು. ಏಳಾಯಿತು. ಎಂಟಾಯಿತು. ಒಂಬತ್ತು ಎಂದಳು ನರಸಮ್ಮ.

ಸೇರು ನಿಂತಿತು. ಬೀದಿಯಲ್ಲಿ ಯಾವುದೋ ಗಾಡಿ ಹೋಯಿತು. ಕೂಸು ಏನೋ ಸದ್ದು ಮಾಡಿ ಸುಮ್ಮನಾಯಿತು.

"ಹತ್ತು," ಎಂದದ್ದು ಕೇಳಿತು. ರಾಗಿ ಸುರಿಯಿತು.

ಹನ್ನೊಂದು.